ದಾಳಿಯ ಸೈನ್ಯ ನಮ್ಮ ಗೋಡೆಯ ಮೇಲೆಯೇ ಇದೆ

ಕಳೆದ ವಾರ ಸೋದರಮಾವನ ಅಂಗಡಿಗೆ ಸಿಸಿಟಿವಿ ಹಾಕಿಸಿದರು. ಹೊರಟು ನಿಂತ ಹುಡುಗನನ್ನು ಪಾಸ್‌ವರ್ಡ್ ಏನೆಂದು ಕೇಳಿದೆ. "ಅಡ್ಮಿನ್, ಸರ್. ಎಲ್ಲರಿಗೂ ಅದನ್ನೇ ಇಡುತ್ತೇವೆ" ಎಂದ. ಅವನ ಮೇಲೆ ಸಿಟ್ಟು ಬರಲಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ನನಗೆ ನೆನಪಾದದ್ದು 2016ರ ಅಕ್ಟೋಬರ್ 21.

ಅಂದು ಅಮೆರಿಕದ ಡೈನ್ (Dyn) ಎಂಬ ಕಂಪನಿಯ ಮೇಲೆ ಡಿಡಾಸ್ (DDoS) ದಾಳಿಯಾಯಿತು, ಎಂದರೆ ಅಸಂಖ್ಯ ಯಂತ್ರಗಳು ಒಮ್ಮೆಗೇ ಕೋರಿಕೆಗಳ ನೆರೆ ಹರಿಸಿ ಸೇವೆಯನ್ನು ಉಸಿರುಗಟ್ಟಿಸುವುದು. ತಾಣದ ಹೆಸರು ಹೇಳಿದರೆ ಅದರ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ಅದನ್ನು ತಲುಪುವ ಸಂಖ್ಯೆ, ತಿಳಿಸುವುದು ಆ ಕಂಪನಿಯ ಕೆಲಸ. ಟ್ವಿಟರ್, ನೆಟ್‌ಫ್ಲಿಕ್ಸ್, ರೆಡ್ಡಿಟ್‌ಗಳ ಕಂಪ್ಯೂಟರ್‌ಗಳು ಸುಸ್ಥಿತಿಯಲ್ಲೇ ಇದ್ದವು, ದಾರಿ ತೋರಿಸುವವನೇ ಕುಸಿದಿದ್ದ. ಅಸಂಖ್ಯ ಜನರಿಗೆ ತಾಸುಗಟ್ಟಲೆ ಅವು ಸಿಗಲಿಲ್ಲ.

ದಾಳಿ ಮಾಡಿದ ಯಂತ್ರಗಳು ಯಾವುವು? ಕ್ಯಾಮೆರಾ, ಅದರ ದೃಶ್ಯ ಉಳಿಸಿಡುವ ಡಿವಿಆರ್ ಪೆಟ್ಟಿಗೆ, ಮನೆಯ ರೂಟರ್. ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯಲ್ಲಿಟ್ಟ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಟೆಲ್‌ನೆಟ್ (ದೂರದಿಂದ ಯಂತ್ರದೊಳಗೆ ಹೋಗುವ ಹಳೆಯ ವಿಧಾನ) ಮೂಲಕ ಒಂದೊಂದಾಗಿ ಹಾಕಿ ನೋಡುತ್ತಿತ್ತು, ಒಂದು ಹೊಂದಿದರೆ ಯಂತ್ರ ಅದರ ವಶ, ಅಷ್ಟೇ. ಬರೆದವರು ಮೂವರು ಎಳೆಯರು, ಅವರ ಕಣ್ಣು ಮೊದಲು ಇದ್ದದ್ದು ಮೈನ್‌ಕ್ರಾಫ್ಟ್ ಆಟದ ಸರ್ವರ್‌ಗಳ ಮೇಲೆ. ಸೆಪ್ಟೆಂಬರ್ ಕೊನೆಗೆ ಅದರ ಕೋಡ್ ಬಹಿರಂಗವಾಯಿತು. ಆಮೇಲೆ ಯಾರು ಬೇಕಾದರೂ ಸೈನ್ಯ ಕಟ್ಟಬಹುದಿತ್ತು.

ಏಟು ತಿಂದವನೇ ತನ್ನನ್ನು ಕಾಪಾಡಿಕೊಳ್ಳಲಿ ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ನಿಮ್ಮ ಸರ್ವರ್‌ನ ಫೈರ್‌ವಾಲ್ (ಬೇಡದ ಸಂಪರ್ಕ ತಡೆಯುವ ಕಾವಲು) ಎಷ್ಟೇ ಗಟ್ಟಿಯಿರಲಿ, ಅಲ್ಲಿಗೆ ಬರುವ ಸಂಪರ್ಕವೇ ತುಂಬಿಹೋದ ಮೇಲೆ ಅದು ತಡೆಯುವುದೇನನ್ನು? ಅಂಗಳಕ್ಕೆ ನೆರೆ ಬಂದ ಮೇಲೆ ಹೊಸ್ತಿಲಿಗೆ ಹಲಗೆ ಇಟ್ಟಂತೆ. 2018ರ ಫೆಬ್ರುವರಿ 28ರಂದು ತಂತ್ರಾಂಶ ಬರೆಯುವವರು ಕೋಡ್ ಇಡುವ ಗಿಟ್‌ಹಬ್ ತಾಣದ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್ ದತ್ತಾಂಶ ಹರಿದು ಬಂತು. ಅಕಮೈ ಕಂಪನಿಯ ದೊಡ್ಡ ಜಾಲದತ್ತ ಅದನ್ನು ತಿರುಗಿಸಿ, ಸೋಸಿ ಬದುಕಿಕೊಂಡರು. ಅದಕ್ಕೆ ಹಣ ಬೇಕು. ತಾಲ್ಲೂಕು ಪತ್ರಿಕೆಯ ತಾಣಕ್ಕೆ ಅದು ಎಲ್ಲಿಂದ ಬರಬೇಕು?

ತೂಬು ಮುಚ್ಚಬೇಕಾದದ್ದು ನೀರು ಹೊರಡುವ ಕಡೆ. ಗಿಟ್‌ಹಬ್ ಮೇಲಿನ ದಾಳಿಗೆ ಆಧಾರವೇ ಸುಳ್ಳು ವಿಳಾಸ, ಕೋರಿಕೆ ಕಳುಹಿಸಿದವನು ತನ್ನ ವಿಳಾಸದ ಬದಲು ಗಿಟ್‌ಹಬ್‌ನ ವಿಳಾಸ ಬರೆದಿದ್ದ: ಕೇಳಿದವನು ಒಬ್ಬ, ಉತ್ತರ ಹೋಗಿ ಬಿದ್ದದ್ದು ಇನ್ನೊಬ್ಬನ ಮೇಲೆ. ತನ್ನ ಗ್ರಾಹಕರದಲ್ಲದ ವಿಳಾಸ ಹೊತ್ತ ಪ್ಯಾಕೆಟ್‌ಗಳನ್ನು (ದತ್ತಾಂಶದ ತುಣುಕುಗಳನ್ನು) ಇಂಟರ್ನೆಟ್ ಕಂಪನಿ ಹೊರಗೆ ಬಿಡಬಾರದು ಎಂಬ ಶಿಫಾರಸು 2000ದ ಮೇ ತಿಂಗಳಿನದು. ಇಂದಿಗೂ ಎಲ್ಲರೂ ಪಾಲಿಸುವುದಿಲ್ಲ, ಇದು ನನಗೆ ತೀರಾ ನೋವು ಕೊಡುವ ಸಂಗತಿ.

ತಯಾರಕರನ್ನೂ ಬಿಡಬಾರದು. ಮಿರಾಯ್‌ಗೆ ಸಿಕ್ಕ ಎಷ್ಟೋ ಕ್ಯಾಮೆರಾಗಳಲ್ಲಿ ಟೆಲ್‌ನೆಟ್ ಪಾಸ್‌ವರ್ಡನ್ನು ಮಾಲೀಕನೇ ಬದಲಿಸುವಂತಿರಲಿಲ್ಲ. ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡ್ ಇಟ್ಟು ಇಂಥ ಸಾಧನ ಮಾರುವುದನ್ನು ಬ್ರಿಟನ್ 2024ರ ಏಪ್ರಿಲ್ 29ರಿಂದ ಕಾನೂನಿನಲ್ಲೇ ನಿಷೇಧಿಸಿದೆ.

ಅಂಗಡಿಯ ಕ್ಯಾಮೆರಾದ ಪಾಸ್‌ವರ್ಡ್ ಬದಲಿಸಿ, ಟೆಲ್‌ನೆಟ್ ನಿಲ್ಲಿಸಿ, ಹೊರಗಿನಿಂದ ನೇರವಾಗಿ ತಲುಪದಂತೆ ಮಾಡಲು ಹದಿನೈದು ನಿಮಿಷ ಸಾಕಾಯಿತು. ಆ ಹುಡುಗ ಹೊರಡದೆ ನಿಂತು ನೋಡಿದ, ಒಂದೊಂದು ಹಂತವನ್ನೂ ಮೊಬೈಲ್‌ನಲ್ಲಿ ಬರೆದುಕೊಂಡ. ಅಂದು ಸಂಜೆ ಅವನು ಇನ್ನೂ ಎರಡು ಮನೆಗಳಿಗೆ ಕ್ಯಾಮೆರಾ ಹಾಕಬೇಕಿತ್ತು.