ಆಡಿಟ್‌ಗೆ ಹೊರಟವನ ಪಿಟೀಲು

ಕೆಲಸದ ಮೇಲೆ ಊರೂರು ಸುತ್ತುವವರು ವಾದ್ಯವನ್ನು ಮನೆಯಲ್ಲೇ ಭದ್ರವಾಗಿಟ್ಟು ಹೋಗುವುದು ಜಾಣತನವೆಂದು ಸಂಗೀತದ ಗೆಳೆಯರು ಹೇಳುವುದುಂಟು. ನಾನು ಇದನ್ನು ಒಪ್ಪುವುದಿಲ್ಲ. ಸಹಕಾರ ಸಂಘಗಳ ಲೆಕ್ಕ ತಪಾಸಣೆಗೆಂದು ಚಿಕ್ಕಮಗಳೂರಿನಿಂದ ಕಡೂರು, ತರೀಕೆರೆ, ಕೊಪ್ಪ, ಶೃಂಗೇರಿ ಎಂದು ವರ್ಷವಿಡೀ ತಿರುಗುವ ನನ್ನಂಥವನು ಹಾಗೆ ಮಾಡಿದರೆ ಅಭ್ಯಾಸವೆಂಬುದು ಭಾನುವಾರಕ್ಕಷ್ಟೇ ಉಳಿಯುತ್ತದೆ. ಪಿಟೀಲಿಗೆ ವೀಣೆಯಂತೆ ಸ್ವರದ ಜಾಗ ತೋರಿಸುವ ಮೆಟ್ಟಿಲುಗಳಿಲ್ಲ. ಸ್ವರಸ್ಥಾನವನ್ನು ಬೆರಳು ತಾನೇ ನೆನಪಿಟ್ಟುಕೊಳ್ಳಬೇಕು. ಒಂದು ವಾರ ಕೈಬಿಟ್ಟರೂ ತಾರಸ್ಥಾಯಿಯಲ್ಲಿ ಬೆರಳು ಕೂದಲೆಳೆಯಷ್ಟು ಆಚೀಚೆ ಕೂರತೊಡಗುತ್ತದೆ, ಅದು ಬೇರೆಯವರಿಗಿಂತ ಮೊದಲು ನುಡಿಸುವವನ ಕಿವಿಗೇ ಚುಚ್ಚುತ್ತದೆ.

ಹಾಗೆಂದು ಎಲ್ಲ ವಾದ್ಯವನ್ನೂ ಹೆಗಲಿಗೇರಿಸಿಕೊಂಡು ಹೊರಡಲಾಗದು. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಆ ಮೇಣ ಮೆತ್ತಗಾದರೆ ಮತ್ತೆ ಮೇಳ ಕಟ್ಟಿಸಲು, ಅಂದರೆ ಮೆಟ್ಟಿಲುಗಳನ್ನು ಸ್ವರಕ್ಕೆ ಸರಿಯಾಗಿ ಕೂರಿಸಲು, ಬಲ್ಲವರನ್ನು ಹುಡುಕಬೇಕು. ಪಿಟೀಲೂ ಈ ವಿಷಯದಲ್ಲಿ ಗಟ್ಟಿ ಜೀವವೇನಲ್ಲ. ಅದರ ಹಲಗೆಗಳನ್ನು ಕೂಡಿಸುವ ಸಾಂಪ್ರದಾಯಿಕ ಅಂಟು ಬಿಸಿಗೂ ತೇವಕ್ಕೂ ಸಡಿಲಗೊಳ್ಳುತ್ತದೆ. ಆದ್ದರಿಂದ ಬಸ್ಸಿನಲ್ಲಿ ಅದು ತೊಡೆಯ ಮೇಲೆ ಅಥವಾ ತಲೆಯ ಮೇಲಿನ ಹಲಗೆಯಲ್ಲಿ ಇರಬೇಕೇ ಹೊರತು, ಡಿಕ್ಕಿಯಲ್ಲಿ ಮೂಟೆಗಳ ನಡುವೆ ಅಲ್ಲ.

ನಮ್ಮ ಜಿಲ್ಲೆಯ ಪ್ರಯಾಣಕ್ಕೆ ಇನ್ನೊಂದು ತೊಡಕಿದೆ. ಬೆಳಗ್ಗೆ ಹೊರಟು ಮಧ್ಯಾಹ್ನದೊಳಗೆ ಬಯಲುಸೀಮೆಯಿಂದ ಮಲೆನಾಡಿಗೆ ದಾಟಬಹುದಾದ ಜಿಲ್ಲೆ ಇದು. ಮಾರ್ಚ್ ತಿಂಗಳ ಕಡೂರಿನ ಒಣ ಹವೆಯಲ್ಲಿ ಮರ ಕುಗ್ಗಿ, ತಂತಿಯನ್ನು ಬಿಗಿಮಾಡುವ ಬಿರಡೆಗಳು ನಿಲ್ಲದೆ ಜಾರುತ್ತವೆ. ಜುಲೈನಲ್ಲಿ ಶೃಂಗೇರಿಯ ಮಳೆಗೆ ಅವೇ ಬಿರಡೆಗಳು ಉಬ್ಬಿ ಕಚ್ಚಿಕೊಂಡು, ಶ್ರುತಿ ಮಾಡಲು ಹೋದವನ ಹೆಬ್ಬೆರಳನ್ನು ನೋಯಿಸುತ್ತವೆ. ಪೆಟ್ಟಿಗೆಯ ಮೂಲೆಯಲ್ಲಿ ಒಂದು ತುಂಡು ಸೀಮೆಸುಣ್ಣ, ಒಂದು ಚೂರು ಒಣಗಿದ ಸೋಪು ಇಟ್ಟುಕೊಂಡರೆ ಎರಡಕ್ಕೂ ಮದ್ದಾಯಿತು: ಜಾರುವ ಬಿರಡೆಗೆ ಸುಣ್ಣ, ಕಚ್ಚುವ ಬಿರಡೆಗೆ ಸೋಪು. ಕಮಾನಿನ ಕುದುರೆಗೂದಲು ಮರಕ್ಕಿಂತ ಬೇಗ ಹವೆಗೆ ಸ್ಪಂದಿಸುತ್ತದೆ. ಮಳೆಯಲ್ಲಿ ಅದು ಉದ್ದವಾಗಿ ಜೋತುಬೀಳುತ್ತದೆ, ಒಣ ಹವೆಯಲ್ಲಿ ಬಿಗಿಯುತ್ತದೆ. ಕೊಪ್ಪದಲ್ಲಿ ಬಿಗಿಮಾಡಿದ ಕಮಾನನ್ನು ಹಾಗೆಯೇ ಪೆಟ್ಟಿಗೆಗೆ ಹಾಕಿ ಕಡೂರಿಗೆ ತಂದರೆ ಕಡ್ಡಿಯೇ ಡೊಂಕಾಗಬಹುದು. ನುಡಿಸಿ ಮುಗಿದೊಡನೆ ತಿರುಪನ್ನು ಸಡಿಲಿಸುವ ಅಭ್ಯಾಸವನ್ನು ಗುರುಗಳು ಆರಂಭದ ಪಾಠವಾದ ಸರಳೆವರಸೆಗಿಂತ ಮೊದಲೇ ಕಲಿಸಬೇಕೆಂಬುದು ನನ್ನ ಅಭಿಪ್ರಾಯ.

ಇನ್ನು ಲಾಡ್ಜಿನಲ್ಲಿ ಸದ್ದಿನ ಪ್ರಶ್ನೆ. 1895ರಲ್ಲಿ ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿದ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು, ಮೈಕಿಲ್ಲದ ಸಭೆಯಲ್ಲಿ ಕೊನೆಯ ಸಾಲಿನವರಿಗೂ ನಾದ ಮುಟ್ಟಲೆಂದು ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ವಾದ್ಯ ಮಾಡಿಕೊಂಡರು. ಪಕ್ಕದ ಕೋಣೆಯಲ್ಲಿ ಮೆಡಿಕಲ್ ರೆಪ್ ಒಬ್ಬರು ಮಲಗಿರುವಾಗ ನಮಗೆ ಬೇಕಾಗುವುದು ಇದರ ತದ್ವಿರುದ್ಧ. ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಯ (ಬ್ರಿಜ್) ಮೇಲೆ ಸಿಕ್ಕಿಸುವ ರಬ್ಬರಿನ ಮ್ಯೂಟ್ ಅದರ ಕಂಪನವನ್ನು ತಗ್ಗಿಸಿ ಸದ್ದನ್ನು ಸಾಕಷ್ಟು ಇಳಿಸುತ್ತದೆ. ಆದರೆ ಅದು ಕಮಾನಿನ ಒರಟುತನವನ್ನೂ ಮುಚ್ಚಿಬಿಡುವುದರಿಂದ ಅದನ್ನು ನಂಬಿ ನಾದವನ್ನು ಅಳೆಯಬಾರದು. ರಾತ್ರಿ ಮ್ಯೂಟ್ ಹಾಕಿ ಎಡಗೈಗೆ ಜಂಟಿವರಸೆ, ಅಲಂಕಾರಗಳಂಥ ಸ್ವರಾಭ್ಯಾಸ. ಬೆಳಗ್ಗೆ ಎದುರಿನ ಬಸ್‌ಸ್ಟ್ಯಾಂಡ್ ಗದ್ದಲ ಎಬ್ಬಿಸಿದ ಮೇಲೆ ಮ್ಯೂಟ್ ತೆಗೆದು, ಫೋನಿನಲ್ಲಿ ತಂಬೂರಿ ಹಾಕಿಕೊಂಡು, ಷಡ್ಜದ ಮೇಲೆ ಉದ್ದುದ್ದ ಕಮಾನು. ಪ್ರವಾಸದಲ್ಲಿ ಕೃತಿಗಳನ್ನು ನುಡಿಸಲು ಹೋಗದೆ ಇಷ್ಟನ್ನೇ ಮಾಡಿದರೆ ಸಾಕೆನ್ನುವುದಕ್ಕಿಂತ, ಇಷ್ಟನ್ನು ಮಾಡಲು ಮನೆಯಲ್ಲಿ ಯಾರಿಗೂ ತಾಳ್ಮೆ ಇರುವುದಿಲ್ಲ ಎನ್ನುವುದೇ ಸರಿ. ಲಾಡ್ಜಿನ ಕೋಣೆಯಲ್ಲಿ ಬೇರೆ ಮಾಡಲು ಏನೂ ಇಲ್ಲದಿರುವುದೇ ಅನುಕೂಲ.

ಪೆಟ್ಟಿಗೆ ಕಂಡ ಸಂಘದ ಕಾರ್ಯದರ್ಶಿಗಳು "ಸಾರ್, ಸಂಜೆ ನಮಗೂ ಒಂದು ಹಾಡು" ಎನ್ನುವುದು ಸಹಜ. ನಾನು ನಯವಾಗಿ ತಪ್ಪಿಸಿಕೊಳ್ಳುತ್ತೇನೆ. ಲೆಕ್ಕ ನೋಡುವವನು ಲೆಕ್ಕ ಕೊಡುವವರ ಆತಿಥ್ಯದಲ್ಲಿ ಕಛೇರಿ ಮಾಡುವುದು ಸರಿಯಲ್ಲ. ಅಲ್ಲದೆ ವರದಿಗೆ ಸಹಿ ಬೀಳುವ ತನಕ ನನ್ನ ಶ್ರುತಿ ಕೆಟ್ಟಿದೆಯೆಂದು ಹೇಳುವ ಧೈರ್ಯ ಅಲ್ಲಿ ಯಾರಿಗೂ ಬರುವುದಿಲ್ಲ.

ಕೊಳಲಿನವರಿಗೆ ಈ ತಾಪತ್ರಯಗಳಲ್ಲಿ ಅರ್ಧದಷ್ಟೂ ಇಲ್ಲ. ಎಡಮುಚ್ಚಿಗೆಗೆ, ಅಂದರೆ ಎಡಬದಿಯ ಚರ್ಮಕ್ಕೆ, ರವೆ ಹಚ್ಚಿ ಹದ ಮಾಡಬೇಕಾದ ಮೃದಂಗದವರಿಗೆ ಮಾತ್ರ ಲಾಡ್ಜಿನಲ್ಲಿ ಜಾಗವಿಲ್ಲವೆಂದೇ ಹೇಳಬೇಕು. ಅವರು ಕೈತಾಳ ಹಾಕಿಕೊಂಡು ಜತಿ ಹೇಳಿಕೊಳ್ಳಬಹುದು, ಅದೂ ರಾತ್ರಿ ಹತ್ತರೊಳಗೆ.