ತಾಯಿಯಿಂದ ಹರಡುವ ಕಾಯಿಲೆ

ಪ್ಲೇಗು, ಕಾಲರಾ, ಸಿಡುಬು ಎಲ್ಲವನ್ನೂ ಕಂಡು ಗೆದ್ದ ಬೆಂಗಳೂರಿನಲ್ಲಿ ಕಾಲ್ ಸೆಂಟರುಗಳು ಬಾಗಿಲು ತೆರೆದ ಮೇಲೆ ಇನ್ನೊಂದು ಕಾಯಿಲೆ ಪತ್ತೆಯಾಯಿತು. ಹೆಸರು ಎಂ.ಟಿ.ಐ. ಬಿಡಿಸಿ ಹೇಳಿದರೆ ಮದರ್ ಟಂಗ್ ಇನ್‌ಫ್ಲುಯೆನ್ಸ್, ಅಂದರೆ ಇಂಗ್ಲಿಷ್ ಉಚ್ಚಾರಣೆಯಲ್ಲಿ ಇಣುಕುವ ತಾಯ್ನುಡಿಯ ಛಾಯೆ. ಕಂಡುಹಿಡಿದವರು ವೈದ್ಯರಲ್ಲ, ಕಂಪನಿಗಳ ಮಾನವ ಸಂಪನ್ಮೂಲ ವಿಭಾಗದವರು. ಇದು ತಾಯಿಯಿಂದ ಮಗುವಿಗೆ ಹರಡುತ್ತದೆ. ಸೋಂಕು ತಗಲುವುದು ತೊಟ್ಟಿಲಲ್ಲಿ, ಲಕ್ಷಣ ಕಾಣಿಸಿಕೊಳ್ಳುವುದು ಪದವಿ ಮುಗಿದ ಮೇಲೆ, ಮೊದಲ ಸಂದರ್ಶನದ ದಿನ. ಅರ್ಜಿಯ ಮೂಲೆಯಲ್ಲಿ ‘ಹೆವಿ ಎಂ.ಟಿ.ಐ.’ ಎಂಬ ಷರಾ ಬರೆಸಿಕೊಂಡು ಹೊರಬಂದ ಹುಡುಗನಿಗೆ, ಅಲ್ಲಿಯವರೆಗೆ ಲಾಲಿ ಹಾಡಿದವಳು ಎಂದು ಗೌರವಿಸುತ್ತಿದ್ದ ತಾಯಿ, ಇನ್ನು ಮುಂದೆ ರೋಗವಾಹಕಿ.

ರೋಗವಿದ್ದ ಮೇಲೆ ಆಸ್ಪತ್ರೆ ಬೇಕಲ್ಲ. ವಿಜಯನಗರದಿಂದ ಮಾರತಹಳ್ಳಿಯವರೆಗೆ, ಬೇಕರಿಯ ಮೇಲಿನ ಮಹಡಿಯಲ್ಲೋ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲೋ, ಸ್ಪೋಕನ್ ಇಂಗ್ಲಿಷ್ ತರಗತಿಗಳು ನಡೆಯುತ್ತವೆ. ‘45 ದಿನಗಳಲ್ಲಿ ನಿರರ್ಗಳ ಇಂಗ್ಲಿಷ್’ ಎಂಬ ಚೀಟಿ ವಿದ್ಯುತ್ ಕಂಬದ ಮೇಲೆ ಇರುತ್ತದೆ. ಅದರ ಪಕ್ಕದಲ್ಲೇ ಶಸ್ತ್ರಚಿಕಿತ್ಸೆಯಿಲ್ಲದೆ ಮೂಲವ್ಯಾಧಿಗೆ ಶಾಶ್ವತ ಪರಿಹಾರವೆಂಬ ಚೀಟಿಯೂ ಇರುತ್ತದೆ. ಯಾವುದಕ್ಕೆ ಯಾವ ಫೋನ್ ಸಂಖ್ಯೆ ಎಂದು ಎಚ್ಚರದಿಂದ ನೋಡಿಕೊಳ್ಳಬೇಕು.

ಚಿಕಿತ್ಸೆಯ ವಿವರ ಸ್ವಾರಸ್ಯಕರವಾಗಿದೆ. ಮೊದಲು ಕನ್ನಡಿ. ವೈನ್ ಎನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ವೈನ್ ಎನ್ನುವಾಗ ಹಲ್ಲು ದೂರವಿದ್ದು ತುಟಿ ದುಂಡಗಾಗಬೇಕು. ಮೊದಲನೆಯ ವೈನ್ ಬಳ್ಳಿ, ಎರಡನೆಯ ವೈನ್ ಅದೇ ಬಳ್ಳಿಯ ದ್ರಾಕ್ಷಿಯಿಂದ ತೆಗೆದ ಮದ್ಯ. ಈ ವಾಕ್ಯಗಳನ್ನು ಓದಿದಾಗ ಎರಡೂ ಒಂದೇ ರೀತಿ ಕೇಳಿಸಿದ್ದರೆ ಕ್ಷಮಿಸಿ, ನಿಮಗೂ ಸೋಂಕು ತಗಲಿದೆ.

ನಂತರ ಕಾಗದದ ಚೂರು. ಇಂಗ್ಲಿಷಿನಲ್ಲಿ ಪದದ ಮೊದಲಿಗೆ ಬರುವ ಪ, ಟ, ಕಗಳಿಗೆ ಉಸಿರಿನ ಒತ್ತು ಬೇಕು. ಬಾಯಿಯ ಮುಂದೆ ಕಾಗದ ಹಿಡಿದು ‘ಪೆನ್’ ಎನ್ನಬೇಕು, ಕಾಗದ ಅಲುಗಿದರೆ ಉತ್ತೀರ್ಣ. ಈ ಉಸಿರಿನ ಒತ್ತು ನಮಗೆ ಹೊಸದೇ? ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರು ಬೆತ್ತ ಹಿಡಿದು ಇದನ್ನೇ ಕಲಿಸಲು ಹೆಣಗಿದ್ದರು. ‘ಧನ’ವನ್ನು ‘ದನ’ ಎಂದು ಓದಿ ಅಂಗೈ ಕೆಂಪಗೆ ಮಾಡಿಕೊಂಡವರು ನಮ್ಮಲ್ಲಿ ಎಷ್ಟು ಮಂದಿ! ಅಂದು ಸರ್ಕಾರಿ ಶಾಲೆಯಲ್ಲಿ ಪುಕ್ಕಟೆಯಾಗಿ ಕೊಟ್ಟಾಗ ಬೇಡವೆಂದ ಮಹಾಪ್ರಾಣವನ್ನು ಇಂದು ಕಂತಿನಲ್ಲಿ ಹಣ ಕಟ್ಟಿ ಕೊಳ್ಳುತ್ತಿದ್ದೇವೆ. ಪಾಪ ಮೇಷ್ಟರು, ಮಾರುಕಟ್ಟೆ ಅರಿಯದವರು.

ಅಮೆರಿಕದ ಗ್ರಾಹಕರಿಗಾಗಿ ತರಬೇತಿಯಾದರೆ ಪದದ ನಡುವಿನ ಟಕಾರವನ್ನು ಮೆತ್ತಗೆ ಮಾಡಬೇಕು. ವಾಟರ್ ‘ವಾಡರ್’ ಆಗಬೇಕು, ಬೆಟರ್ ‘ಬೆಡರ್’ ಆಗಬೇಕು. ಹಳ್ಳಿಯ ಹುಡುಗ ಇಂಗ್ಲಿಷಿನ ಒಂದು ಅಕ್ಷರವನ್ನು ಹೀಗೆ ಬದಲಿಸಿದರೆ ಅಪಭ್ರಂಶ, ಟೆಕ್ಸಸ್ಸಿನವನು ಬದಲಿಸಿದರೆ ಪಠ್ಯಕ್ರಮ. ಳ, ಣ, ಠ, ಢಗಳನ್ನು ಲೀಲಾಜಾಲವಾಗಿ ಹೊರಳಿಸುವ ನಾಲಿಗೆ ಅಂಗವಿಕಲವೆಂದು ಘೋಷಣೆಯಾಗುವುದು ಇಲ್ಲಿಯೇ. ‘ಬಾಳೆಹಣ್ಣು’ ಎಂದು ಹೇಳಲಾಗದ ಗ್ರಾಹಕನ ನಾಲಿಗೆಗೆ ಯಾವ ದೋಷವನ್ನೂ ಯಾರೂ ಕಂಡುಹಿಡಿದಿಲ್ಲ.

ಕೊನೆಯ ಹಂತ ‘ನ್ಯೂಟ್ರಲ್’ ಉಚ್ಚಾರಣೆ. ಇದು ಯಾವ ದೇಶದ್ದೂ ಅಲ್ಲ, ಯಾವ ಊರಿನದ್ದೂ ಅಲ್ಲ. ಈ ಉಚ್ಚಾರಣೆಯಲ್ಲಿ ಜಗತ್ತಿನ ಯಾವ ಮಗುವೂ ಹಟ ಮಾಡಿಲ್ಲ, ಯಾವ ಗಂಡ ಹೆಂಡತಿಯೂ ಜಗಳವಾಡಿಲ್ಲ, ಯಾರೂ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿ ಕೇಳಲು ಮಾತ್ರ ಹುಟ್ಟಿದ ಭಾಷೆ ಇದು.

ಇಂಗ್ಲಿಷ್ ಹುಟ್ಟಿದ ನಾಡಿನಲ್ಲಿ ಸ್ಥಿತಿ ಹೇಗಿದೆ? 2009ರಲ್ಲಿ ಲಂಡನ್ನಿನ ಅನುವಾದ ಸಂಸ್ಥೆಯೊಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದವರ ಇಂಗ್ಲಿಷನ್ನು ಅರ್ಥಮಾಡಿಸಬಲ್ಲ ದುಭಾಷಿಗಳು ಬೇಕಾಗಿದ್ದಾರೆ ಎಂದು ಜಾಹೀರಾತು ಕೊಟ್ಟಿತ್ತು. ಗಮನಿಸಿ, ಗ್ಲಾಸ್ಗೋದವರನ್ನು ಯಾರೂ ತರಗತಿಗೆ ಕಳುಹಿಸಲಿಲ್ಲ. ಕೇಳುವವರಿಗೆ ಕಷ್ಟವಾದರೆ ಕೇಳುವವರೇ ದುಭಾಷಿಯನ್ನು ಇಟ್ಟುಕೊಳ್ಳಲಿ ಎಂಬ ಮರ್ಯಾದೆ ಅದು. ಇನ್ನು ಆ ಭಾಷೆಯ ದೊರೆಯೇ ಆದ ಆರನೆಯ ಜಾರ್ಜ್, ಪಟ್ಟಕ್ಕೆ ಬರುವ ಮೊದಲೇ, 1926ರಲ್ಲಿ ತನ್ನ ಉಗ್ಗಿಗೆ ಲಯೊನೆಲ್ ಲೋಗ್ ಎಂಬ ಆಸ್ಟ್ರೇಲಿಯಾದವನಿಂದ ಚಿಕಿತ್ಸೆ ಪಡೆಯಲು ಶುರುಮಾಡಿದ. ಅದು ನಿಜವಾದ ತೊಂದರೆ, ಅದಕ್ಕೆ ನಿಜವಾದ ಚಿಕಿತ್ಸೆ.

ನಿಜವಾದ ಚಿಕಿತ್ಸೆಯ ಮಾತು ಬಂದಿತಲ್ಲ, ಅದಕ್ಕೆ ದೂರ ಹೋಗಬೇಕಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇದೆ. ಕಿವಿ ಕೇಳಿಸದ ಮಕ್ಕಳು, ಸೀಳು ಅಂಗುಳದವರು, ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡ ಹಿರಿಯರು, ಉಗ್ಗುವವರು ಅಲ್ಲಿಗೆ ಬರುತ್ತಾರೆ. ಅಲ್ಲಿ ಯಾರಿಗೂ ‘ಹೆವಿ ಎಂ.ಟಿ.ಐ.’ ಎಂದು ಚೀಟಿ ಬರೆದುಕೊಡುವುದಿಲ್ಲ, ಏಕೆಂದರೆ ಅದು ಕಾಯಿಲೆಯೇ ಅಲ್ಲ. ಅಮೆರಿಕದ ವಾಕ್ ಚಿಕಿತ್ಸಕರ ರಾಷ್ಟ್ರೀಯ ಸಂಘವೂ ಇಂಗ್ಲಿಷಿನ ಯಾವ ಆಡುರೂಪವೂ ಮಾತಿನ ದೋಷವಲ್ಲ ಎಂದು 1983ರಲ್ಲೇ ಹೇಳಿಬಿಟ್ಟಿದೆ. ಆ ಸುದ್ದಿ ಇನ್ನೂ ನಮ್ಮ ಬೇಕರಿಯ ಮಹಡಿಯನ್ನು ಹತ್ತಿಲ್ಲ.

ಕಾನೂನಿನ ತಮಾಷೆ ಬೇರೆಯೇ ಇದೆ. ಉಗ್ಗುವ ಹುಡುಗನಿಗೆ ವೃತ್ತಿಪರವಾಗಿ ಮಾತು ತಿದ್ದಬೇಕೆಂದರೆ ಓದಿ, ತರಬೇತಿ ಪಡೆದು, 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ಚೆನ್ನಾಗಿ ಮಾತನಾಡುವ ಹುಡುಗನ ನಾಲಿಗೆ ಕೆಟ್ಟಿದೆ ಎಂದು ಹೇಳಿ ಹಣ ಪಡೆಯಲು ಒಂದು ವೈಟ್‌ಬೋರ್ಡ್ ಸಾಕು. ಉಗ್ಗು ಇರುವವನು ನಾಚಿಕೆಯಿಂದ ಮನೆಯಲ್ಲಿ ಬಾಯಿ ಮುಚ್ಚಿ ಕುಳಿತಿರುತ್ತಾನೆ, ಏನೂ ಆಗದವನು ಸಂಜೆಯ ಬ್ಯಾಚಿಗೆ ಓಡುತ್ತಾನೆ.

ಈಗ ಸೋಂಕನ್ನು ಮೂಲದಲ್ಲೇ ತಡೆಯುವ ಅಭಿಯಾನವೂ ನಡೆಯುತ್ತಿದೆ. ಅಪಾರ್ಟ್‌ಮೆಂಟುಗಳಲ್ಲಿ ಇದನ್ನು ನೋಡಬಹುದು. ಹಾಸನದ ಕಡೆಯಿಂದ ಮೊಮ್ಮಗುವನ್ನು ನೋಡಿಕೊಳ್ಳಲು ಬಂದ ಅಜ್ಜಿಗೆ ಸೊಸೆಯ ಮೊದಲ ಸೂಚನೆ: “ಅತ್ತೆ, ಪಾಪುವಿನ ಹತ್ತಿರ ದಯವಿಟ್ಟು ಇಂಗ್ಲಿಷಿನಲ್ಲೇ ಮಾತನಾಡಿ. ಕನ್ನಡ ಸೇರಿದರೆ ಗೊಂದಲವಾಗುತ್ತದಂತೆ.” ಅಜ್ಜಿಗೆ ಗೊತ್ತಿರುವುದು ಬಾಲ್, ಕ್ಯಾಟ್, ನೋ. ಮಗು ಬೆಳಗಿನಿಂದ ಸಂಜೆಯವರೆಗೆ ಈ ಮೂರು ಮಾತು ಕೇಳುತ್ತದೆ. ಎರಡು ಭಾಷೆ ಕೇಳಿ ಬೆಳೆದರೆ ಮಾತು ತಡವಾಗುವುದಿಲ್ಲ ಎಂದು ವಾಕ್ ತಜ್ಞರು ಹೇಳುತ್ತಲೇ ಇದ್ದಾರೆ, ಆದರೆ ತಜ್ಞರಿಗಿಂತ ಪ್ರಿ-ಸ್ಕೂಲಿನ ವಾಟ್ಸ್‌ಆಪ್ ಗುಂಪಿನ ಮಾತಿಗೆ ತೂಕ ಹೆಚ್ಚು. ಕಥೆ, ಗಾದೆ, ಬೈಗುಳ ಎಲ್ಲವನ್ನೂ ನುಂಗಿಕೊಂಡ ಅಜ್ಜಿ ಮೂಕಿಯಾಗುತ್ತಾಳೆ. ಮನೆಯಲ್ಲಿ ನಿಜವಾಗಿ ಮಾತು ನಿಂತದ್ದು ಅವಳಿಗೆ, ಆದರೆ ಅವಳನ್ನು ಯಾರೂ ಥೆರಪಿಗೆ ಕರೆದೊಯ್ಯುವುದಿಲ್ಲ.

ಚಿಕಿತ್ಸೆ ಮುಗಿದ ಮೇಲೆ ಪ್ರಮಾಣಪತ್ರ. ವಿದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆದರೆ ಅದರ ಫಲಿತಾಂಶಕ್ಕೆ ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಬೆಲೆ. ನಂತರ ನಿಮ್ಮ ಇಂಗ್ಲಿಷ್ ಹಾಲಿನ ಪ್ಯಾಕೆಟ್ಟಿನಂತೆ ಹುಳಿಯಾಗಿದೆ ಎಂದು ಭಾವಿಸಿ ಮತ್ತೆ ಶುಲ್ಕ ಕಟ್ಟಬೇಕು. ಕೆಲವು ಪರೀಕ್ಷೆಗಳಲ್ಲಿ ಮಾತಿಗೆ ಅಂಕ ಕೊಡುವುದು ಯಂತ್ರ. 2017ರಲ್ಲಿ ಐರ್ಲೆಂಡಿನ ಪಶುವೈದ್ಯೆಯೊಬ್ಬರು ಆಸ್ಟ್ರೇಲಿಯಾದಲ್ಲಿ ನೆಲೆಸಲು ಇಂಥದೊಂದು ಪರೀಕ್ಷೆಗೆ ಕುಳಿತರು. ಇಂಗ್ಲಿಷ್ ಅವರ ಮನೆಮಾತು, ಜೊತೆಗೆ ಎರಡು ಪದವಿ. ಮಾತಿನಲ್ಲಿ 79 ಅಂಕ ಬೇಕಿತ್ತು, ಯಂತ್ರ 74 ಕೊಟ್ಟು ಕೂರಿಸಿತು. ಇಂಗ್ಲಿಷ್ ಮನೆಮಾತಿನವರನ್ನೇ ಇಂಗ್ಲಿಷಿನಲ್ಲಿ ಅನುತ್ತೀರ್ಣಗೊಳಿಸುವ ನಿಷ್ಪಕ್ಷಪಾತ ಬುದ್ಧಿ ಮನುಷ್ಯರಿಗೆ ಎಲ್ಲಿಂದ ಬರಬೇಕು!

ಯಂತ್ರ ಅಷ್ಟಕ್ಕೇ ನಿಲ್ಲಲಿಲ್ಲ. 2025ರಲ್ಲಿ ಟೆಲಿಪರ್ಫಾರ್ಮೆನ್ಸ್ ಎಂಬ ಫ್ರೆಂಚ್ ಕಾಲ್ ಸೆಂಟರ್ ಕಂಪನಿ, ಭಾರತದ ನೌಕರರ ಉಚ್ಚಾರಣೆಯನ್ನು ಮಾತನಾಡುತ್ತಿರುವಾಗಲೇ ಬದಲಿಸುವ ಸಾಫ್ಟ್‌ವೇರನ್ನು ಬಳಕೆಗೆ ತಂದಿರುವ ಸುದ್ದಿ ಬಂತು. ಇಲ್ಲಿ ಹುಡುಗಿ ‘ವಾಟ್ರು’ ಎಂದರೂ ಅಲ್ಲಿ ಕಿವಿಗೆ ಬೀಳುವುದು ಬೇರೆ. ಎರಡು ದಶಕ ಕನ್ನಡಿಯ ಮುಂದೆ ಹಲ್ಲು, ತುಟಿ ಸವೆಸಿದವರ ಗತಿ ಏನು? ನಕಲಿ ಹೆಸರು ಇಟ್ಟುಕೊಂಡು ರಾತ್ರಿಯಿಡೀ ‘ವಾಡರ್’ ಎಂದವರಿಗೆ ಪರಿಹಾರವನ್ನು ಯಾರು ಕೊಡಬೇಕು?

ತರಗತಿಗಳು ಮುಚ್ಚುತ್ತವೆ ಎಂದು ಮಾತ್ರ ಭಾವಿಸಬೇಡಿ. ಸಾಫ್ಟ್‌ವೇರ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಅದಕ್ಕೆ ಮೊದಲು ನಿಮ್ಮ ಮಾತು ಅರ್ಥವಾಗಬೇಕು. ಅರ್ಥವಾಗಬೇಕಾದರೆ ಯಂತ್ರದ ಮುಂದೆ ಹೇಗೆ ಮಾತನಾಡಬೇಕೆಂದು ಯಾರಾದರೂ ಕಲಿಸಬೇಕು. ಅದೇ ಮಹಡಿ, ಅದೇ ಕನ್ನಡಿ, ಅದೇ ಕಾಗದದ ಚೂರು. ಅವಧಿ 45 ದಿನ, ಜಿ.ಎಸ್.ಟಿ. ಪ್ರತ್ಯೇಕ.