ಮುಂದಿನವರು ಇನ್ನೂ ರುಚಿ ನೋಡುತ್ತಿದ್ದಾರೆ

ಇಂಗ್ಲೆಂಡಿನ ಬೇಸಿಗೆಯ ಜನಪದ ಸಂಗೀತ ಮೇಳಗಳಲ್ಲಿ ಹಾಡು ಒಂದು ಡೇರೆಯಲ್ಲಿ, ಏಲ್ ಎಂಬ ಬಿಯರು ಇನ್ನೊಂದು ಡೇರೆಯಲ್ಲಿ. ನೀವು ಸದಾ ಎರಡನೆಯದರ ಕ್ಯೂನಲ್ಲಿ. ಹೊರಟಾಗ ಹಾಡಿನ ನಾವಿಕ ಇನ್ನೂ ಹಡಗು ಹತ್ತುತ್ತಿರುತ್ತಾನೆ. ಗ್ಲಾಸು ಕೈಗೆ ಬರುವಷ್ಟರಲ್ಲಿ ಹಡಗು ಮುಳುಗಿ, ಅವನ ಹುಡುಗಿ ಎದೆಯೊಡೆದು ಸತ್ತು, ಗೋರಿಯ ಮೇಲೆ ಗುಲಾಬಿಯೂ ಹಬ್ಬಿರುತ್ತದೆ. ಇಪ್ಪತ್ತು ಚರಣದ ಹಾಡು ಸ್ವಾಮಿ ಅದು! ಕ್ಯೂ ಎಷ್ಟುದ್ದ ಅಂತ ನೀವೇ ಲೆಕ್ಕ ಹಾಕಿ.

ಇದಕ್ಕೆಲ್ಲ ಕಾರಣ ಒಬ್ಬ ಮಹಾನುಭಾವ. ಎಲ್ಲ ಮೇಳದಲ್ಲೂ ಇರುತ್ತಾನೆ, ಎಲ್ಲ ಕ್ಯೂನಲ್ಲೂ ನಿಮ್ಮ ಮುಂದೆಯೇ ಇರುತ್ತಾನೆ. ಸೊಂಟದ ಬೆಲ್ಟಿಗೆ ಲೋಹದ ಮಗ್ಗು ನೇತುಹಾಕಿಕೊಂಡಿರುತ್ತಾನೆ. ಇಪ್ಪತ್ತು ನಿಮಿಷ ಕ್ಯೂನಲ್ಲಿ ನಿಂತಾಗ ಆಕಾಶ ನೋಡುತ್ತಿದ್ದವನು, ಕೌಂಟರು ತಲುಪಿದ ಮೇಲೆ ಯೋಚನೆ ಶುರು ಮಾಡುತ್ತಾನೆ. "ಆ ಮೂರನೇದು ಒಂಚೂರು ರುಚಿ ನೋಡಬಹುದಾ?" ಒಂದು ಗುಟುಕು ಬರುತ್ತದೆ. ಬೆಳಕಿಗೆ ಹಿಡಿಯುತ್ತಾನೆ, ಮೂಸುತ್ತಾನೆ, ಬಾಯಲ್ಲಿ ಆಡಿಸುತ್ತಾನೆ, "ಹ್ಞೂಂ" ಅನ್ನುತ್ತಾನೆ. ಆ ಹ್ಞೂಂ ಒಪ್ಪಿಗೆಯೋ ಅನುಮಾನವೋ ಬ್ರಹ್ಮನಿಗೂ ತಿಳಿಯದು. "ಏಳನೇದು?" ಮದುವೆ ಜವಳಿಗೆ ಬಂದವರು ನಲವತ್ತು ಸೀರೆ ಬಿಡಿಸಿ ಹಾಕಿಸಿ "ಇದೇ ಬಣ್ಣದಲ್ಲಿ ಬೇರೆ ಅಂಚು ಇಲ್ವಾ" ಎಂದು ಕೇಳುವುದನ್ನು ನೋಡಿದ್ದೀರಲ್ಲ, ಇವನು ಆ ಗೋತ್ರದವನು. ಕೊನೆಗೆ ಕೊಳ್ಳುವುದು ಮೊದಲು ರುಚಿ ನೋಡಿದ್ದನ್ನೇ. ಅದೂ ಅರ್ಧ ಪಿಂಟು, ಕಾಲು ಲೀಟರಿಗಿಂತ ತುಸು ಹೆಚ್ಚು. ಆಮೇಲೆ, ಹೌದು, ಆಮೇಲೆಯೇ, ಟೋಕನ್ ಚೀಟಿ ಯಾವ ಜೇಬಿನಲ್ಲಿದೆ ಎಂದು ಹುಡುಕಲು ತೊಡಗುತ್ತಾನೆ.

ಬೈಯೋಣವೆಂದರೆ, ರುಚಿ ನೋಡುವುದರಲ್ಲಿ ಹುರುಳಿಲ್ಲದಿಲ್ಲ. ರಿಯಲ್ ಏಲ್ ಎಂದರೆ ಪೀಪಾಯಿಯೊಳಗೆ ಇನ್ನೂ ಹುದುಗುತ್ತಿರುವ ಬಿಯರು. ಅದನ್ನು ಉಳಿಸಿಕೊಳ್ಳಲೆಂದೇ 1971ರಲ್ಲಿ ಅಲ್ಲಿಯವರು ಚಳವಳಿ ಕಟ್ಟಿದರು. ಸ್ವಭಾವದಲ್ಲಿ ಇದು ನಮ್ಮ ಇಡ್ಲಿ ಹಿಟ್ಟಿನ ಅಣ್ಣ: ಜೀವ ಇದೆ, ಸೆಕೆಯಾದರೆ ಉಕ್ಕುತ್ತದೆ, ಬಹಳ ಹೊತ್ತು ಕಾಯಿಸಿದರೆ ಮುನಿಯುತ್ತದೆ. ಫರ್ಕಿನ್ ಎಂಬ ಪೀಪಾಯಿಗೆ 9 ಗ್ಯಾಲನ್, ಅಂದರೆ 72 ಪಿಂಟು. ಅದನ್ನು ಅಡ್ಡಲಾಗಿ ಮಲಗಿಸಿ, ಮೇಲಿನ ಬಿರಡೆಗೆ ಮೆದು ಮರದ ಬೆಣೆ ಹೊಡೆದು ಗಾಳಿ ಬಿಟ್ಟು, ಒಂದೆರಡು ದಿನ ಅಲುಗಾಡಿಸದೆ ಇಟ್ಟರೆ ಚರಟ ತಳಕ್ಕಿಳಿದು ತಿಳಿ ಮೇಲೆ ನಿಲ್ಲುತ್ತದೆ, ಸಾರಿನ ತಿಳಿಯ ಹಾಗೆ. ಕುಡಿಯಲು 11ರಿಂದ 13 ಡಿಗ್ರಿ ಹಿತ. ಆದರೆ ಆಗಸ್ಟಿನ ಬಿಸಿಲಿಗೆ ಡೇರೆಯೇ ಒಲೆ. ಒದ್ದೆ ಗೋಣಿಯೋ ತಂಪು ಹೊದಿಕೆಯೋ ಹೊದಿಸದಿದ್ದರೆ ಗ್ಲಾಸಿಗೆ ಬರುವುದು ಬರೀ ನೊರೆ. ತೆರೆದ ಪೀಪಾಯಿಗೆ ಗಾಳಿ ಹೊಕ್ಕು ಮೂರು ದಿನ ಕಳೆದರೆ ಹುಳಿ. ಇನ್ನು ತಳದಲ್ಲಿ ಸ್ವಲ್ಪ ಉಳಿದಾಗ ಯಾರಾದರೂ ಪೀಪಾಯಿಯನ್ನು ದಡಕ್ಕನೆ ಎತ್ತಿ ಓರೆ ಮಾಡಿದರೋ, ಚರಟವೆಲ್ಲ ನಿಮ್ಮ ಪಾಲು.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: "ಇವತ್ತು ತೆರೆದದ್ದು ಯಾವುದು?" ಅದರಲ್ಲಿ ಮೂರನೇ ಒಂದು ಪಿಂಟು, ಸುಮಾರು 190 ಮಿಲಿ, ತೆಗೆದುಕೊಳ್ಳಿ. ಮೇಳದ ಗ್ಲಾಸಿನ ಮೇಲೆ ಸಾಮಾನ್ಯವಾಗಿ ಅದಕ್ಕೂ ಗೆರೆ ಇರುತ್ತದೆ. ವಿನೆಗರ್ ವಾಸನೆ ಬಂದರೆ ಸಂಕೋಚ ಬೇಡ, ವಾಪಸ್ ಕೊಡಿ. ಮಸುಕಾಗಿದ್ದರೆ ಮಾತ್ರ ತಕ್ಷಣ ಜಗಳಕ್ಕಿಳಿಯಬೇಡಿ. ಏಲನ್ನು ತಿಳಿಯಾಗಿಸಲು ಹಿಂದಿನಿಂದ ಬಳಸುವುದು ಐಸಿಂಗ್ಲಾಸ್, ಮೀನಿನ ಗಾಳಿಚೀಲದಿಂದ ಮಾಡಿದ್ದು. ಈಗ ಕೆಲವರು ಅದನ್ನು ಬಿಟ್ಟಿದ್ದಾರೆ, ಅಂಥ ಏಲ್ ಹಲವು ಸಲ ಮಸುಕಾಗಿಯೇ ಇರುತ್ತದೆ. ಏಕಾದಶಿ ಮಾಡುವ ಮನೆಯಿಂದ ಬಂದವರಿಗೆ ಮಸುಕೇ ಕ್ಷೇಮ. (ಏಕಾದಶಿಯ ದಿನ ಅಲ್ಲೇನು ಕೆಲಸ ಎಂದು ಕೇಳಬೇಡಿ.)

ಕ್ಯೂಗೆ ಹೋಗುವ ಹೊತ್ತೂ ಮುಖ್ಯ. ವಿರಾಮದಲ್ಲಿ ಹೋದಿರೋ, ಕೆಟ್ಟಿರಿ. ಪಿಟೀಲಿನವರು ಶ್ರುತಿ ಮಾಡಿಕೊಳ್ಳಲು ಶುರು ಮಾಡಿದಾಗ ಏಳಿ, ಬೇಕಾದಷ್ಟು ಸಮಯ ಸಿಗುತ್ತದೆ. ಗೆಜ್ಜೆ ಸದ್ದು ಕೇಳಿದರೆ ಮಾತ್ರ ಓಡಬೇಕು. ನಮ್ಮಲ್ಲಾದರೆ ಯಕ್ಷಗಾನದ ವೇಷ ಬಂತು ಎಂದು ಕೂರಬಹುದು. ಅಲ್ಲಿ ಮೊಣಕಾಲ ಕೆಳಗೆ ಗೆಜ್ಜೆ ಕಟ್ಟಿದ ಮಾರಿಸ್ ಕುಣಿತದವರು ಆಟ ಮುಗಿಸಿ, ಇಡೀ ತಂಡವೇ ಬಾಯಾರಿ ಬರುತ್ತಿದೆ ಎಂದರ್ಥ.

ತುಂಬಿದ ಗ್ಲಾಸಿನೊಡನೆ ವಾಪಸ್ ಬಂದಿರಿ ಅನ್ನಿ. ಹಾಡು ಮುಗಿಯಿತು. ಒಂದು ಕೈಯಲ್ಲಿ ಚಪ್ಪಾಳೆಯಾಗದು ಎಂಬ ಗಾದೆ ಕಟ್ಟಿದವನ ಇನ್ನೊಂದು ಕೈಯಲ್ಲಿ ಪಿಂಟು ಇದ್ದಿರಲೇಬೇಕು. ತೊಡೆ ತಟ್ಟಿ. ಕುಣಿತದ ಧಾಟಿಗಳಲ್ಲಿ ಜಿಗ್ ಬಂದರೆ ತಕಿಟ ತಕಿಟ, ರೀಲ್ ಬಂದರೆ ತಕಧಿಮಿ. ಮಳೆ ಹನಿದರೆ ಬೋರಾನ್ ಎಂಬ ಮೇಕೆ ಚರ್ಮದ ವಾದ್ಯ ಸಡಿಲಾಗಿ ಡಬಡಬ ಅನ್ನುತ್ತದೆ. ನಮ್ಮ ತಮಟೆಯವರಾದರೆ ಬೆಂಕಿ ತೋರಿಸುತ್ತಿದ್ದರು. ಡೇರೆಯೊಳಗೆ ಅದಕ್ಕೆ ಅನುಮತಿ ಸಿಗಲಿಕ್ಕಿಲ್ಲ.

ರಾತ್ರಿ ಹತ್ತರ ಮೇಲೆ, ಮೈಕು ಬಂದಾದ ಮೇಲೆ, ಮೂಲೆಯಿಂದ ಒಂದು ದನಿ ಏಳುತ್ತದೆ. ನೋಡಿದರೆ ಅವನೇ, ಮಗ್ಗಿನವನು. ಕಣ್ಣು ಮುಚ್ಚಿ, ಒಂದು ಕೈ ಕಿವಿಗೆ ಒತ್ತಿ, ಪಕ್ಕವಾದ್ಯವಿಲ್ಲದೆ ಹಾಡುತ್ತಾನೆ. ಪಲ್ಲವಿ ಬಂದಾಗ ಗುರುತಿಲ್ಲದ ಇನ್ನೂರು ಜನ ಪುಸ್ತಕವಿಲ್ಲದೆ ಸೇರಿಕೊಳ್ಳುತ್ತಾರೆ. ಸೋಬಾನೆಗೆ ಹೀಗೆ ಛತ್ರದ ತುಂಬ ದನಿ ಕೂಡುತ್ತಿದ್ದ ಕಾಲವೊಂದಿತ್ತು. ಈಗ ಆ ಜಾಗದಲ್ಲಿ ಡಿಜೆ ಕೂತಿದ್ದಾನೆ.

ಕೌಂಟರಿನಲ್ಲಿ ಕ್ಯೂ ಇಲ್ಲ. ಎದ್ದು ಹೋಗಲು ಕಾಲು ಬರುವುದಿಲ್ಲ. ಹದಿನೆಂಟನೇ ಚರಣ ಮುಗಿದ ಮೇಲೆ ಹೋದರೆ ಪೀಪಾಯಿಗಳೆಲ್ಲ ಖಾಲಿ, ಒಂದರ ಹೊರತು. ಅವನು ನಾಲ್ಕು ಸಲ ರುಚಿ ನೋಡಿ, ನಾಲ್ಕು ಸಲವೂ ಹ್ಞೂಂ ಅಂದದ್ದು.